ಸೂಪರ್‌ಚಾರ್ಜರ್ ಕೊಳ್ಳುವ ಮೊದಲು ಎರಡು ವಾರ ಆರ್‌ಪಿಎಂ ಲಾಗ್ ಮಾಡಿ

ಸೂಪರ್‌ಚಾರ್ಜರ್ ಅಂದರೆ ಎಂಜಿನ್ನೇ ಬೆಲ್ಟಿನಿಂದ ತಿರುಗಿಸುವ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪ್; ಬ್ಲೋವರ್ ಅಂದರೂ ಅದೇ. ಮೊದಲ ಸಲ ಅದನ್ನು ಆರಿಸುವಾಗ ನಾನು ನೋಡಿದ್ದು ಡೈನೋ ಗ್ರಾಫಿನ (ಎಂಜಿನ್ನಿನ ಪವರ್ ಅಳೆದ ಗ್ರಾಫ್) ತುತ್ತತುದಿ ಮಾತ್ರ. ನನ್ನದು 1.8 ಲೀಟರಿನ ಹಳೆಯ ಮಾಜ್ಡಾ ಮಿಯಾಟಾ, 7,000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ರೆಡ್‌ಲೈನ್, ಅಂದರೆ ಎಂಜಿನ್ ವೇಗದ ಮಿತಿ. ಗ್ರಾಫಿನಲ್ಲಿ ಎಲ್ಲಕ್ಕಿಂತ ಮೇಲೆ ಹೋಗಿದ್ದ ಸೆಂಟ್ರಿಫ್ಯೂಗಲ್ ಕಿಟ್ ತಂದೆ. ನಾಲ್ಕು ವಾರಾಂತ್ಯ ಕೂತು ಜೋಡಿಸಿದೆ. ಬೆಟ್ಟದ ರಸ್ತೆಗೆ ತೆಗೆದುಕೊಂಡು ಹೋದೆ. ತಿರುವು ಮುಗಿದು ಆಕ್ಸಿಲರೇಟರ್ ಒತ್ತಿದರೆ ಕಾರು ಹೆಚ್ಚುಕಮ್ಮಿ ಮೊದಲಿನ ಹಾಗೇ ಇದೆ! ಬೂಸ್ಟ್ (ಒತ್ತಿ ತುಂಬಿದ ಗಾಳಿಯ ಹೆಚ್ಚುವರಿ ಒತ್ತಡ) ತೋರಿಸುವ ಗೇಜಿನ ಮುಳ್ಳು ಎರಡೂವರೆ ಪಿಎಸ್‌ಐ ಹತ್ತಿರ ತೂಕಡಿಸುತ್ತಿತ್ತು.

ಕಿಟ್‌ನಲ್ಲಿ ಏನೂ ದೋಷ ಇರಲಿಲ್ಲ. ಸೆಂಟ್ರಿಫ್ಯೂಗಲ್ ಅಂದರೆ ಟರ್ಬೋದ ಗಾಳಿ ಕಡೆಯ ಅರ್ಧ ಭಾಗವನ್ನು ಬೆಲ್ಟಿನಿಂದ ತಿರುಗಿಸಿದ ಹಾಗೆ. ಅದರ ಒತ್ತಡ ಸುಮಾರಾಗಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 7,000ದಲ್ಲಿ 10 ಪಿಎಸ್‌ಐ ಕೊಡುವ ಹಾಗೆ ಪುಲ್ಲಿ ಹಾಕಿದರೆ, 3,500ರಲ್ಲಿ ಅದರ ಕಾಲು ಭಾಗ, ಅಂದರೆ ಎರಡೂವರೆ. ಬೆಟ್ಟದ ತಿರುವಿನಿಂದ ನಾನು ಹೊರಬರುತ್ತಿದ್ದದ್ದೇ 3,500ರಲ್ಲಿ. ಲೆಕ್ಕ ಸರಿಯಾಗೇ ಇತ್ತು, ಮಾಡದೇ ಇದ್ದವನು ನಾನು.

ಅದಕ್ಕೇ ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ. ಕಿಟ್ ನೋಡುವುದನ್ನು ಎರಡು ವಾರ ನಿಲ್ಲಿಸಿ. ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸಾಕೆಟ್) ಲಾಗರ್ ಚುಚ್ಚಿ, ನೀವು ಓಡಿಸುವ ಹಾಗೇ ಓಡಿಸಿ. ಆಮೇಲೆ ಥ್ರಾಟಲ್ ಮುಕ್ಕಾಲಿಗಿಂತ ಜಾಸ್ತಿ ತೆರೆದಿದ್ದ ಹೊತ್ತನ್ನಷ್ಟೇ ಬೇರೆ ಮಾಡಿ, ಆಗ ಆರ್‌ಪಿಎಂ ಎಷ್ಟಿತ್ತು ನೋಡಿ. ನನ್ನ ಲಾಗಿನಲ್ಲಿ ಬಹುಪಾಲು 2,800ರಿಂದ 4,800ರ ನಡುವೆ ಬಿದ್ದಿತ್ತು. 6,500 ದಾಟಿದ್ದು ಬೆರಳೆಣಿಕೆಯಷ್ಟು ಸಲ. ಯಾವ ಜಾತಿಯ ಬ್ಲೋವರ್ ಬೇಕು ಅನ್ನುವುದು ಅಲ್ಲಿಗೇ ಮುಕ್ಕಾಲು ತೀರ್ಮಾನ ಆಯಿತು, ಅಲ್ವಾ?

ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಬೇಕಾದರೆ ರೂಟ್ಸ್ ಅಥವಾ ಟ್ವಿನ್-ಸ್ಕ್ರೂ. ಇವೆರಡೂ ಪ್ರತಿ ಸುತ್ತಿಗೆ ಇಂತಿಷ್ಟೇ ಗಾಳಿ ಎಂದು ಅಳೆದು ನೂಕುತ್ತವೆ, ಹಾಗಾಗಿ 2,500ರಲ್ಲೂ ಬೂಸ್ಟ್ ಇರುತ್ತದೆ. ರೂಟ್ಸ್ ಬಹಳ ಹಳೆಯದು. ಅಮೆರಿಕದ ರೂಟ್ಸ್ ಅಣ್ಣತಮ್ಮಂದಿರು 1860ರಲ್ಲಿ ಪೇಟೆಂಟ್ ಪಡೆದಾಗ ಕಾರೇ ಇರಲಿಲ್ಲ. ಕುಲುಮೆಗೆ, ಗಣಿಗೆ ಗಾಳಿ ಊದಲು ಅದು ಬಳಕೆಗೆ ಬಂತು. ಆ ಹುಟ್ಟುಗುಣ ಇನ್ನೂ ಇದೆ. ರೂಟ್ಸ್ ತನ್ನೊಳಗೆ ಗಾಳಿಯನ್ನು ಒತ್ತುವುದಿಲ್ಲ, ಸುಮ್ನೆ ಆಚೆ ಸಾಗಿಸುತ್ತದೆ. ಗಾಳಿ ಒತ್ತಿಕೊಳ್ಳುವುದು ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಬಾಗಿಲಲ್ಲಿ. ಅಲ್ಲಿಂದ ಒಂದಿಷ್ಟು ಹಿಂದಕ್ಕೆ ನುಗ್ಗುತ್ತದೆ, ಅದೇ ಬಿಸಿಗೆ ಕಾರಣ.

ಎಷ್ಟು ಬಿಸಿ? ಹೊರಗೆ 27 ಡಿಗ್ರಿ, ಬೂಸ್ಟ್ 7 ಪಿಎಸ್‌ಐ ಅಂದುಕೊಳ್ಳಿ. 70 ಶೇಕಡ ದಕ್ಷತೆಯ ಬ್ಲೋವರಿನಿಂದ ಗಾಳಿ ಸುಮಾರು 78 ಡಿಗ್ರಿಯಲ್ಲಿ ಹೊರಬರುತ್ತದೆ. 50 ಶೇಕಡದ್ದಾದರೆ 98. ಈ 20 ಡಿಗ್ರಿಯಲ್ಲೇ ಎಂಜಿನ್ ನಾಕ್ (ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಶುರುವಾಗಬಹುದು. ಆಗ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕಿಡಿ ಹೊಡೆಯುವ ಟೈಮಿಂಗ್ ಹಿಂದೆ ಎಳೆಯುತ್ತದೆ, ನೀವು ದುಡ್ಡು ಕೊಟ್ಟು ತಂದ ಪವರ್ ಕರಗಿಹೋಗುತ್ತದೆ.

ಸೆಂಟ್ರಿಫ್ಯೂಗಲ್ ಮಾರಿ ನಾನು ಹಾಕಿದ್ದು ಈಟನ್ ಕಂಪನಿಯ ಎಂ62 ಎಂಬ ರೂಟ್ಸ್, ಸೆಕೆಂಡ್ ಹ್ಯಾಂಡ್. ಸುತ್ತಿಗೆ ಒಂದು ಲೀಟರ್ ಗಾಳಿ. ಬೆಟ್ಟದ ರಸ್ತೆಯಲ್ಲಿ ಅದು ಬೇರೆಯೇ ಕಾರು, ಮೂರನೇ ಗೇರಿನಲ್ಲೇ ಎಲ್ಲ ತಿರುವೂ ಮುಗಿಯುತ್ತದೆ. ಆದರೆ ಟ್ರ್ಯಾಕಿಗೆ ಒಯ್ದ ದಿನ ನಾಲ್ಕನೇ ಲ್ಯಾಪಿಗೆ ಇಂಟೇಕ್ ಗಾಳಿ 90 ಡಿಗ್ರಿ ದಾಟಿತು, ವಾಪಸ್ ಪಿಟ್‌ಗೆ ಬಂದೆ. ನನ್ನ ಜೋಡಣೆಯಲ್ಲಿ ಬ್ಲೋವರಿಗೂ ಮ್ಯಾನಿಫೋಲ್ಡಿಗೂ ನಡುವೆ ಗಾಳಿ ತಣಿಸುವ ಇಂಟರ್‌ಕೂಲರಿಗೆ ಜಾಗವೇ ಇರಲಿಲ್ಲ. ಸೆಂಟ್ರಿಫ್ಯೂಗಲ್ ಈ ವಿಷಯದಲ್ಲಿ ಪುಣ್ಯವಂತ. ಪೈಪ್ ಎಳೆದು ಬಂಪರ್ ಹಿಂದೆ ದೊಡ್ಡ ಇಂಟರ್‌ಕೂಲರ್ ಕೂರಿಸಬಹುದು. ಟ್ರ್ಯಾಕಿನಲ್ಲೇ ಓಡಿಸುವವರು, ಸದಾ 5,000ದ ಮೇಲೇ ಇರುವವರು ಅದನ್ನೇ ತೆಗೆದುಕೊಳ್ಳಿ. ಇನ್ನೊಂದು ಲಾಭವೂ ಇದೆ. ಕನೆಕ್ಟಿಂಗ್ ರಾಡ್ ಬಗ್ಗಿಸುವುದು ಕೆಳಗಿನ ಆರ್‌ಪಿಎಂನ ದಿಢೀರ್ ಟಾರ್ಕ್. ಸೆಂಟ್ರಿಫ್ಯೂಗಲ್ ಅದನ್ನು ಕೊಡುವುದೇ ಇಲ್ಲವಾದ್ದರಿಂದ ಸ್ಟಾಕ್ ಎಂಜಿನ್, ಸ್ಟಾಕ್ ಗೇರ್‌ಬಾಕ್ಸ್ ಹೆಚ್ಚು ಕಾಲ ಬಾಳುತ್ತವೆ.

ನನ್ನದು ಹಳೆಯ ಮಾದರಿಯ ರೂಟ್ಸ್, ಅದೂ ಗೊತ್ತಿರಲಿ. ಅದರ ರೋಟರಿಗೆ ಮೂರು ಲೋಬ್ (ರೆಕ್ಕೆಯಂಥ ಉಬ್ಬು), 60 ಡಿಗ್ರಿ ತಿರುಚು. ಈಟನ್‌ನದೇ ಹೊಸ ರೂಟ್ಸ್ ಸರಣಿಯಾದ ಟಿವಿಎಸ್‌ನಲ್ಲಿ ನಾಲ್ಕು ಲೋಬ್, 160 ಡಿಗ್ರಿ ತಿರುಚು, ಬಿಸಿ ಎಷ್ಟೋ ಕಡಿಮೆ. 2009ರ ಕಾರ್ವೆಟ್ ಝಡ್‌ಆರ್1ರಲ್ಲಿ 638 ಹಾರ್ಸ್‌ಪವರ್ ಬಂದದ್ದು ಟಿವಿಎಸ್‌ನಿಂದಲೇ. ಬಜೆಟ್ ಇದ್ದರೆ ಎಂ ಸರಣಿಯ ಕಡೆ ತಿರುಗಿಯೂ ನೋಡಬೇಡಿ.

ಟ್ವಿನ್-ಸ್ಕ್ರೂ ಗಾಳಿಯನ್ನು ತನ್ನ ಹೊಟ್ಟೆಯೊಳಗೇ ಒತ್ತಿ ಕೊಡುತ್ತದೆ. 1930ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ಲಿಶೋಮ್ ರೂಪಿಸಿದ ಕಂಪ್ರೆಸರ್ ಇದರ ಮೂಲ. 2005ರ ಫೋರ್ಡ್ ಜಿಟಿಯಲ್ಲಿ, ಡಾಡ್ಜ್ ಹೆಲ್‌ಕ್ಯಾಟಿನಲ್ಲಿ ಇರುವುದು ಇದೇ. 12 ಪಿಎಸ್‌ಐ ಮೇಲೆ ಹೋಗುವ ಆಸೆ ಇದ್ದರೆ ಇದಕ್ಕೇ ದುಡ್ಡು ಹಾಕಿ. 7-8ಕ್ಕೇ ನಿಲ್ಲುವವರು ಟಿವಿಎಸ್‌ನಲ್ಲಿ ತೃಪ್ತಿಪಡಬಹುದು ಅನ್ನುವುದು ನನ್ನ ಮತ. ಸ್ಕ್ರೂ ಕೊಳ್ಳುವುದಾದರೆ ಬೈಪಾಸ್ ವಾಲ್ವ್ (ಬೂಸ್ಟ್ ಬೇಡದಾಗ ಗಾಳಿಯನ್ನು ವಾಪಸ್ ಬಿಡುವ ವಾಲ್ವ್) ಸರಿಯಾಗಿ ತೆರೆಯುತ್ತದೆಯೇ ನೋಡಿ. ಕಾಲು ತೆಗೆದಾಗಲೂ ಅದು ಗಾಳಿ ಒತ್ತುತ್ತಲೇ ಇರುವುದರಿಂದ, ವಾಲ್ವ್ ಅಂಟಿಕೊಂಡರೆ ನಿಧಾನದ ಓಡಾಟದಲ್ಲೂ ಸುಮ್ಮನೆ ಬಿಸಿ, ಸುಮ್ಮನೆ ಪೆಟ್ರೋಲ್ ಖರ್ಚು.

ಗಾತ್ರದ ವಿಷಯದಲ್ಲಿ ಆಸೆ ಬೇಡ. 707 ಹಾರ್ಸ್‌ಪವರಿನ ಹೆಲ್‌ಕ್ಯಾಟ್ ಎಂಜಿನ್ ತನ್ನ ಬ್ಲೋವರ್ ತಿರುಗಿಸಲೇ ಸುಮಾರು 80 ಹಾರ್ಸ್‌ಪವರ್ ಕೊಡಬೇಕು. ಅದು 6.2 ಲೀಟರಿನ ಎಂಜಿನ್, ತಡೆದುಕೊಳ್ಳುತ್ತದೆ. 1.8 ಲೀಟರಿಗೆ ದೊಡ್ಡ ಬ್ಲೋವರ್ ಕಟ್ಟಿದರೆ ಮೂಗಿಗಿಂತ ಮೂಗುತಿ ಭಾರ. ಸಣ್ಣ ಬ್ಲೋವರ್ ಹಾಕಿ ಚಿಕ್ಕ ಪುಲ್ಲಿಯಿಂದ ಹಿಂಡುತ್ತೇನೆ ಅನ್ನುವವರೂ ಲೆಕ್ಕ ಮಾಡಲಿ. ಕ್ರ್ಯಾಂಕ್ ಪುಲ್ಲಿ 140 ಮಿ.ಮೀ., ಬ್ಲೋವರ್ ಪುಲ್ಲಿ 70 ಆದರೆ 7,000ಕ್ಕೆ ಬ್ಲೋವರ್ 14,000 ಸುತ್ತುತ್ತದೆ. ಪುಲ್ಲಿ 65 ಮಾಡಿದರೆ 15,000 ದಾಟುತ್ತದೆ. ತಯಾರಕರು ಕೊಟ್ಟ ಮಿತಿ ಅದಕ್ಕಿಂತ ಕೆಳಗಿದ್ದರೆ ಆ ಆಸೆ ಅಲ್ಲಿಗೇ ಬಿಡಿ.

ಇಂಜೆಕ್ಟರ್, ಪೆಟ್ರೋಲ್ ಪಂಪ್, ಟ್ಯೂನಿಂಗ್ ಇವನ್ನು ಬಜೆಟ್ಟಿನಲ್ಲಿ ಬ್ಲೋವರಿಗಿಂತ ಮೊದಲು ಬರೆದುಕೊಳ್ಳಿ. ಬಾನೆಟ್ ಮುಚ್ಚುತ್ತದೆಯೇ ಅಂತಲೂ ಮೊದಲೇ ಅಳೆಯಿರಿ. ನಗಬೇಡಿ, ನಾನು ಅಳೆದಿರಲಿಲ್ಲ.

ಜೋಡಿಸಿದ ಮೇಲೆ ಮೊದಲ ಓಟದಲ್ಲಿ ಬೂಸ್ಟನ್ನೂ ಆರ್‌ಪಿಎಂ ಅನ್ನೂ ಒಟ್ಟಿಗೆ ಲಾಗ್ ಮಾಡಿ. ನನ್ನ ಸೆಂಟ್ರಿಫ್ಯೂಗಲ್‌ನ ಬೂಸ್ಟ್ 6,000ದ ನಂತರ ಏರುವ ಬದಲು ಇಳಿಯುತ್ತಿತ್ತು. ಬೆಲ್ಟ್ ಜಾರುತ್ತಿತ್ತು. ಟೆನ್ಷನರ್ ಬಿಗಿ ಮಾಡಿ ಮಾಡಿ ಸಾಕಾಯಿತು. ಕೊನೆಗೆ ಎರಡು ಪುಲ್ಲಿಗಳ ಮುಖಕ್ಕೆ ಸ್ಟೀಲ್ ಸ್ಕೇಲ್ ಹಿಡಿದು ನೋಡಿದರೆ ನಾನು ಕೂರಿಸಿದ ಬ್ರಾಕೆಟ್ಟೇ ಎರಡು ಮಿ.ಮೀ. ಮುಂದಿತ್ತು.