ಬೋರ್ಡಿನಲ್ಲಿ ‘ತಜ್ಞ’ ಎಂದಿದೆ, ಪಟ್ಟಿಯಲ್ಲಿ ಇದೆಯೇ?

ನಮ್ಮ ಸೋದರಮಾವ ಮಂಡಿನೋವಿಗೆ ಡಾಕ್ಟರನ್ನು ಆರಿಸಿದ ಪರಿ ನಾನೇ ಕಂಡಿದ್ದು. ಗೂಗಲ್‌ನಲ್ಲಿ ನಕ್ಷತ್ರ ಎಣಿಸಿದರು, ಪಾರ್ಕಿಂಗ್ ಇದೆಯೇ ಎಂದು ವಿಚಾರಿಸಿದರು, ಬೋರ್ಡಿನಲ್ಲಿ ಹೆಸರಿಗಿಂತ ಉದ್ದವಿದ್ದ ಡಿಗ್ರಿಗಳ ಬಾಲ ನೋಡಿ ‘ಭಾರಿ ಓದ್ಕೊಂಡಿದಾರೆ ಕಣೋ’ ಎಂದರು. ಅದರಲ್ಲಿ ಎಂಬಿಬಿಎಸ್ ಒಂದು ಬಿಟ್ಟರೆ ಉಳಿದವೆಲ್ಲ ಶನಿವಾರ, ಭಾನುವಾರದ ಕೋರ್ಸುಗಳ ಸರ್ಟಿಫಿಕೇಟು ಎಂದು ಗೊತ್ತಾಗುವಷ್ಟರಲ್ಲಿ ಮಂಡಿಗೆ ಮೂರು ಇಂಜೆಕ್ಷನ್ ಬಿದ್ದಾಗಿತ್ತು.

ತಜ್ಞರು ನಿಜಕ್ಕೂ ತಜ್ಞರೇ ಎಂದು ನೋಡಲು ಕಾಸು ಖರ್ಚಿಲ್ಲ, ಹತ್ತು ನಿಮಿಷ ಸಾಕು. ತೊಂದರೆ ಏನೆಂದರೆ, ನೋಡುವ ಅಭ್ಯಾಸ ಇರುವವರೂ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ.

ಮೊದಲು ನೋಂದಣಿ ಸಂಖ್ಯೆ ಹಿಡಿಯಿರಿ. ವೈದ್ಯರ ನಡವಳಿಕೆ ಕುರಿತ 2002ರ ನಿಯಮಗಳ ಪ್ರಕಾರ ಅದು ಕ್ಲಿನಿಕ್ಕಿನಲ್ಲೂ ಔಷಧ ಚೀಟಿಯಲ್ಲೂ ಹಣದ ರಸೀದಿಯಲ್ಲೂ ಇರಲೇಬೇಕು. (2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂತು, ಅದೇ ತಿಂಗಳು ಅದನ್ನು ತಡೆಹಿಡಿದರು. ಹಾಗಾಗಿ ಹಳೆಯದೇ ಚಾಲ್ತಿಗೆ ಬಂತು.) ನಮ್ಮಲ್ಲಿ ಸಾಮಾನ್ಯವಾಗಿ ‘ಕೆಎಂಸಿ’ ಎಂದು ಬರೆದು ಸಂಖ್ಯೆ ಹಾಕಿರುತ್ತಾರೆ, ಅಂದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಆ ಮೂರಕ್ಷರವನ್ನೂ ಬರೆದುಕೊಳ್ಳಿ. ಪ್ರತಿ ರಾಜ್ಯದ ಕೌನ್ಸಿಲಿಗೂ ಅದರದ್ದೇ ಎಣಿಕೆ, ಅದೇ ಸಂಖ್ಯೆ ಕೇರಳದಲ್ಲಿ ಇನ್ಯಾರದ್ದೋ ಆಗಿರಬಹುದು.

ಆಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ‘ಇಂಡಿಯನ್ ಮೆಡಿಕಲ್ ರಿಜಿಸ್ಟರ್’ ತೆರೆಯಿರಿ. ಹಳೆಯ ಎಂಸಿಐ, ಅಂದರೆ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾ ಹೋಗಿ 2020ರ ಸೆಪ್ಟೆಂಬರ್ 25ಕ್ಕೆ ಬಂದ ಸಂಸ್ಥೆ ಈ ಆಯೋಗ. ಹೆಸರು ಹಾಕಿ ಹುಡುಕಲೇಬೇಡಿ. ಮಂಜುನಾಥ್, ಮಂಜುನಾಥ, ಹಿಂದೆ ಇನಿಷಿಯಲ್, ಮುಂದೆ ಇನಿಷಿಯಲ್ ಎಂದು ಸಂಜೆಯಾಗುತ್ತದೆ. ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡ ಡಾಕ್ಟರಮ್ಮನವರಂತೂ ಸಿಗುವುದೇ ಇಲ್ಲ. ಸಂಖ್ಯೆ ಹಾಕಿ, ರಾಜ್ಯದ ಕೌನ್ಸಿಲ್ ಆರಿಸಿ.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಹೆಸರು ಕಂಡಕೂಡಲೇ ‘ಇದಾರೆ ಇದಾರೆ’ ಎಂದು ಫೋನ್ ಮಡಚಿಡುತ್ತಾರೆ. ಹೆಸರು ಇದೆ ಎಂದರೆ ಅವರು ನೋಂದಾಯಿತ ವೈದ್ಯರು ಎಂದಷ್ಟೇ ಅರ್ಥ. ಮೂಳೆ ತಜ್ಞರೋ ಹೃದಯ ತಜ್ಞರೋ ಎಂಬುದು ಆ ಸಾಲಿನಲ್ಲಿಲ್ಲ. ಪೂರ್ತಿ ವಿವರದ ಪುಟ ತೆರೆದು, ಎಂಬಿಬಿಎಸ್, ಓದಿದ ವಿಶ್ವವಿದ್ಯಾಲಯ, ವರ್ಷ ಎಲ್ಲ ದಾಟಿ ‘ಅಡಿಷನಲ್ ಕ್ವಾಲಿಫಿಕೇಷನ್’ ಎಂಬಲ್ಲಿ ಏನಿದೆ ನೋಡಿ. ತಜ್ಞತೆ ದಾಖಲಾಗುವ ಜಾಗ ಅದು.

ಅಲ್ಲಿ ಎಂಡಿ ಎಂದು ಕಂಡರೂ ನಿಲ್ಲಬೇಡಿ, ಯಾವುದರಲ್ಲಿ ಎಂಡಿ ಎಂದು ಓದಿ. ಔಷಧಶಾಸ್ತ್ರದಲ್ಲೂ ಎಂಡಿ ಇದೆ, ಜೀವರಸಾಯನಶಾಸ್ತ್ರದಲ್ಲೂ ಇದೆ. ಓದು ಅಪ್ಪಟವೇ, ಆದರೆ ಅದು ಸಕ್ಕರೆ ಕಾಯಿಲೆ ತಜ್ಞರ ಬೋರ್ಡಿಗೆ ಆಧಾರವಲ್ಲ. ಎಂಡಿ, ಎಂಎಸ್ ಮೂರು ವರ್ಷದ ಓದು. ಹೃದ್ರೋಗ, ನರರೋಗದಂಥ ಸೂಪರ್ ಸ್ಪೆಷಾಲಿಟಿಗೆ ಅದರ ಮೇಲೆ ಇನ್ನೂ ಮೂರು ವರ್ಷ ಓದಿ ಡಿಎಂ, ಎಂಸಿಎಚ್‌ನಂಥ ಪದವಿ ಪಡೆಯಬೇಕು. ಡಿಎನ್‌ಬಿ ಎಂದಿದ್ದರೆ ಮೂಗು ಮುರಿಯಬೇಡಿ, ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಮಾನ್ಯ ಪದವಿ ಅದು. ಡಿಸಿಎಚ್ (ಮಕ್ಕಳ ಆರೋಗ್ಯ), ಡಿಜಿಒ (ಹೆರಿಗೆ, ಸ್ತ್ರೀರೋಗ) ಎರಡು ವರ್ಷದ ಡಿಪ್ಲೊಮಾಗಳು. ಮಗುವಿನ ಜ್ವರಕ್ಕೆ ಪಕ್ಕದ ಬೀದಿಯ ಡಿಸಿಎಚ್ ಡಾಕ್ಟರು ಧಾರಾಳ ಸಾಕು ಎಂಬುದು ನನ್ನ ಮಾತು. ದೊಡ್ಡ ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂರುವುದು ದಂಡ.

ರಷ್ಯಾದಲ್ಲಿ ಓದಿ ಬಂದವರ ‘ಎಂಡಿ’ ನಮ್ಮ ಎಂಬಿಬಿಎಸ್ ಮಟ್ಟದ್ದು. ಆಯುರ್ವೇದದ ಎಂಡಿಗಳ ನೋಂದಣಿ ಪುಸ್ತಕವೇ ಬೇರೆ, ಅವರನ್ನು ಇಲ್ಲಿ ಹುಡುಕಿ ‘ನಕಲಿ’ ಎಂದು ವಾಟ್ಸಾಪಿನಲ್ಲಿ ಹಂಚಿದವರನ್ನು ನಾನು ಬಲ್ಲೆ. ಇನ್ನು ‘ಫೆಲೋ’, ‘ಮೆಂಬರ್’, ‘ಸರ್ಟಿಫೈಡ್’ ಎಂಬ ಬಾಲಗಳು: ಕೆಲವು ಗಟ್ಟಿ ತರಬೇತಿಯವು, ಕೆಲವು ಚಂದಾ ಕಟ್ಟಿದರೆ ಅಂಚೆಯಲ್ಲಿ ಬರುವಂಥವು. ಕೂದಲು ಕಸಿಯ ಕ್ಲಿನಿಕ್ಕುಗಳಲ್ಲಿ ಇವು ವಿಪರೀತ. ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ತರಬೇತಿಯಲ್ಲ ಎಂದು 2022ರಲ್ಲಿ ಆಯೋಗವೇ ಹೇಳಬೇಕಾಯಿತು.

ಆ ಜಾಗ ಖಾಲಿ ಇದ್ದರೆ? ಮೋಸ ಎಂದು ಕೂಗಬೇಡಿ. ಪದವಿ ಇದ್ದೂ ಕೌನ್ಸಿಲಿನಲ್ಲಿ ಸೇರಿಸದವರಿದ್ದಾರೆ, ರಾಜ್ಯದಿಂದ ಕೇಂದ್ರದ ಪಟ್ಟಿಗೆ ಮಾಹಿತಿ ಹೋಗುವುದೂ ತಡ. ಕೆಎಂಸಿಗೆ ಬರೆದು ಕೇಳಿ. ಅಥವಾ ನೇರವಾಗಿ ‘ಸರ್, ನಿಮ್ಮ ಪಿಜಿ ಎಲ್ಲಿ ಆಗಿದ್ದು?’ ಎಂದು ಕೇಳಿ. ಓದಿದವರು ಕಾಲೇಜಿನ ಹೆಸರು ಹೇಳುತ್ತಾರೆ, ಕೆಲವರು ಹಾಸ್ಟೆಲಿನ ಕಥೆಯನ್ನೂ ಹೇಳುತ್ತಾರೆ. ಸಿಡುಕಿದರೆ ನಾನಂತೂ ಎದ್ದು ಬರುತ್ತೇನೆ.

ಅಪಾಯಿಂಟ್‌ಮೆಂಟ್ ಆ್ಯಪ್‌ಗಳ ‘ವೆರಿಫೈಡ್’ ಹಸಿರು ಗುರುತು ಇದಕ್ಕೆಲ್ಲ ಬದಲಿಯಲ್ಲ. ಏನನ್ನು ಪರೀಕ್ಷಿಸಿದರು ಎಂದು ಅದು ಹೇಳುವುದೇ ಇಲ್ಲ.

ಕ್ಲಿನಿಕ್ಕಿಗೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ಗೋಡೆಯ ಮೇಲಿನ ಪ್ರಮಾಣಪತ್ರದಲ್ಲಿ ನೋಡಿಬಿಡಿ.

ದೂರು ಕೊಡುವಾಗ ಬಾಗಿಲು ತಪ್ಪಬೇಡಿ. ನೋಂದಾಯಿತ ವೈದ್ಯರು ತಮಗಿಲ್ಲದ ತಜ್ಞತೆ ಹೇಳಿಕೊಂಡರೆ 2002ರ ನಿಯಮದಂತೆ ಅದು ದುರ್ನಡತೆ. ಕೆಎಂಸಿಗೆ ಲಿಖಿತ ದೂರು ಕೊಡಿ, ಆರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಅದೇ ನಿಯಮ ಹೇಳುತ್ತದೆ. ನೋಂದಣಿಯೇ ಇಲ್ಲದವರ ಮೇಲೆ ಕೌನ್ಸಿಲಿಗೆ ಹಿಡಿತವಿಲ್ಲ, ಜಿಲ್ಲಾ ಆರೋಗ್ಯಾಧಿಕಾರಿಗೂ ಪೊಲೀಸರಿಗೂ ಕೊಡಿ. 2019ರ ಆಯೋಗದ ಕಾಯ್ದೆಯಲ್ಲಿ ಅದಕ್ಕೆ ಒಂದು ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

ದೂರಿನ ಜೊತೆ ಚೀಟಿ, ರಸೀದಿಯ ಪ್ರತಿ ಇಡಿ. ಅದಕ್ಕೂ ಮೊದಲು ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಮಾವ ಹೋಗಿದ್ದ ಕಡೆ ನಾವು ವಿಚಾರಿಸಲು ಶುರುಮಾಡಿದ ವಾರದಲ್ಲೇ ‘ಮಂಡಿ ತಜ್ಞರು’ ಹೋಗಿ ‘ಮಂಡಿ ಸಲಹೆಗಾರರು’ ಬಂದಿತ್ತು.