ಶಿಕ್ಷೆಯ ಸುದ್ದಿಯನ್ನು ಗೊಂದಲವಿಲ್ಲದೆ ಬರೆಯೋದು ಹೇಗೆ?

ಕೋರ್ಟ್ ಯಾರಿಗೋ ಶಿಕ್ಷೆ ಕೊಟ್ಟಿದೆ, ನೀವು ಅದನ್ನು ನಾಲ್ಕು ಸಾಲಲ್ಲಿ ಬರೆಯಬೇಕು. ಸುಲಭ ಅನ್ಸುತ್ತೆ, ಅಲ್ವಾ? ಈ ಸಾಲು ನೋಡಿ: ‘ಕಳ್ಳತನ ಮಾಡಿದ ಅಂಗಡಿ ಮಾಲೀಕನ ಮಗನಿಗೆ 3 ವರ್ಷ ಜೈಲು.’ ಕದ್ದಿದ್ದು ಯಾರು, ಅಪ್ಪನೋ ಮಗನೋ? ‘ಮಾಡಿದ’ ಅನ್ನೋದು ಪಕ್ಕದಲ್ಲಿ ಸಿಕ್ಕಿದ ಹೆಸರಿಗೆ ಅಂಟಿಕೊಳ್ಳುತ್ತೆ, ಪಾಪ ಮಾಲೀಕ ಸುಮ್ನೆ ಕಳ್ಳನಾಗಿಬಿಡ್ತಾನೆ. ಸಾಲನ್ನು ಒಡೆಯಿರಿ: ‘ಅಂಗಡಿ ಮಾಲೀಕನ ಮಗ ಕಳ್ಳತನ ಮಾಡಿದ್ದ. ಅವನಿಗೆ 3 ವರ್ಷ ಜೈಲು ಶಿಕ್ಷೆಯಾಗಿದೆ.’ ಎರಡು ವಾಕ್ಯ ಆಯ್ತು, ಆದರೆ ಯಾರೂ ಎರಡು ಸಲ ಓದಬೇಕಾಗಿಲ್ಲ.

ಆಮೇಲೆ ಪದಗಳು. ತೀರ್ಪು ಬರೋವರೆಗೆ ‘ಆರೋಪಿ’, ತಪ್ಪು ಸಾಬೀತಾದ ಮೇಲೆ ‘ಅಪರಾಧಿ’. ಬಂಧನ ಆದ ದಿನವೇ ‘ಅಪರಾಧಿ ಸಿಕ್ಕಿಬಿದ್ದ’ ಅಂತ ಬರೆದರೆ ಜಡ್ಜ್ ಕೆಲಸ ನೀವೇ ಮಾಡಿದ ಹಾಗೆ.

ಜಾಸ್ತಿ ಎಡವೋದು ಲೆಕ್ಕದಲ್ಲಿ. ಒಂದು ಅಪರಾಧಕ್ಕೆ 3 ವರ್ಷ, ಇನ್ನೊಂದಕ್ಕೆ 5 ವರ್ಷ ಅಂದ ತಕ್ಷಣ ಕೂಡಿ ‘8 ವರ್ಷ ಜೈಲು’ ಅಂತ ಬರೆಯಬೇಡಿ. ಎರಡೂ ಶಿಕ್ಷೆ ಒಟ್ಟಿಗೆ ನಡೆಯಲಿ ಅಂತ ಕೋರ್ಟ್ ಹೇಳಿದ್ದರೆ ಒಳಗಿರೋದು 5 ವರ್ಷ, ಒಂದು ಮುಗಿದ ಮೇಲೆ ಇನ್ನೊಂದು ಅಂದಿದ್ದರೆ 8. ಆದೇಶದ ಕೊನೆಯ ಪುಟ ಓದಿ, ಸಾಮಾನ್ಯವಾಗಿ ಅಲ್ಲೇ ಇರುತ್ತೆ. ದಂಡ ಕಟ್ಟದಿದ್ದರೆ ಅನುಭವಿಸಬೇಕಾದ ಜೈಲನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ‘ದಂಡ ಕಟ್ಟದಿದ್ದರೆ ಇನ್ನೂ 6 ತಿಂಗಳು’ ಅಂತ ಬೇರೆ ಸಾಲು ಬರೆದರೆ ಸಾಕು.