ಹೂ ಕಟ್ಟುವ ಹೊತ್ತಲ್ಲೇ ಎನ್‌ಎಂಎಂಎಸ್ ಪಾಠ: ನನ್ನ ಅನುಭವ

ಈ ಸಲ ನಮ್ಮ ಶಾಲೆಯಿಂದ 21 ಮಕ್ಕಳು ಎನ್‌ಎಂಎಂಎಸ್, ಅಂದರೆ ಎಂಟನೇ ತರಗತಿಯವರಿಗೆ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ, ಬರೆದರು. ಎಂಟು ಮಂದಿ ಆಯ್ಕೆಯಾದರು. ಅದರಲ್ಲಿ ಐವರ ಮನೆಗೆ ಒಂದು ಗುಂಟೆ ಜಮೀನೂ ಇಲ್ಲ. ಶಿಡ್ಲಘಟ್ಟ ಕಡೆಯ ಒಂದು ಹಳ್ಳಿ ಶಾಲೆಗೆ ಇದು ಸಣ್ಣ ಮಾತಲ್ಲ. "ಕೂಲಿಯವರ ಮಕ್ಕಳಿಗೆ ಇದೆಲ್ಲ ಹತ್ತಲ್ಲ ಸಾರ್, ಸುಮ್ನೆ ಯಾಕೆ ಒದ್ದಾಡ್ತೀರಿ" ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಪರೀಕ್ಷೆಯ ಲೆಕ್ಕ ಇಷ್ಟು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ಆದಾಯ 3.5 ಲಕ್ಷದೊಳಗಿರಬೇಕು. ಈ ಮಿತಿಯೊಳಗೆ ನಾಲ್ಕು ಎಕರೆ ಹಿಪ್ಪುನೇರಳೆ ಇದ್ದವರೂ ಬರುತ್ತಾರೆ, ರೇಷ್ಮೆ ನೂಲು ತೆಗೆಯುವ ಚರಕದ ಮುಂದೆ ಕೂಲಿಗೆ ಕೂರುವವರೂ ಬರುತ್ತಾರೆ. ಕಾಗದದಲ್ಲಿ ಇಬ್ಬರೂ ಒಂದೇ. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟಮೇಲೆ ಮಾತ್ರ ಒಂದೇ ಅಲ್ಲ. ಅದು ಅರ್ಥವಾಗಲು ನನಗೆ ಮೂರು ವರ್ಷ ಬೇಕಾಯಿತು.

ಮೊದಲ ವರ್ಷ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಪಾಠ ಇಟ್ಟೆ. 18 ಮಕ್ಕಳು ಹೆಸರು ಕೊಟ್ಟರು. ತಿಂಗಳಲ್ಲಿ ಆರಕ್ಕೆ ಇಳಿಯಿತು. ಆ ಆರು ಮಂದಿಯೂ ಅಂಗಡಿಯವರ, ತೋಟದವರ ಮಕ್ಕಳು. ನಮ್ಮ ಜಿಲ್ಲೆಯ ಹೊಸೂರಿನ ಎಚ್. ನರಸಿಂಹಯ್ಯನವರು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದದ್ದು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದದ್ದು ಎಲ್ಲ ಹೇಳಿದೆ. ಮಕ್ಕಳು ಕಣ್ಣರಳಿಸಿ ಕೇಳಿದರು. ಮಾರನೇ ದಿನ ಇನ್ನೂ ಇಬ್ಬರು ಬರಲಿಲ್ಲ. ಆ ವರ್ಷ ಒಬ್ಬರೂ ಆಯ್ಕೆಯಾಗಲಿಲ್ಲ.

ಮನೆಮನೆಗೆ ಹೋದೆ. ಒಬ್ಬ ತಾಯಿ ಆಗಷ್ಟೇ ಚರಕದಿಂದ ಬಂದಿದ್ದರು. ಬಿಸಿನೀರಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. "ಸಾ, ಇವಳು ನಿಮ್ಮ ಹತ್ರ ಕೂತ್ರೆ ಹೂ ಯಾರ್ ಕಟ್ತಾರೆ?" ಅಂದರು. ಲೆಕ್ಕ ಹಾಕಿದೆ. ಸಂಜೆ ಕಾಕಡ ಕಟ್ಟಿದರೆ ಮಗುವಿಗೆ ನಲವತ್ತು ರೂಪಾಯಿ ಆಗ ಸಿಗುತ್ತಿತ್ತು. ತಿಂಗಳಿಗೆ 1,200. ಹತ್ತು ತಿಂಗಳಿಗೆ 12,000. ಸ್ಕಾಲರ್‌ಶಿಪ್ಪೂ ಅಷ್ಟೇ, ಅದೂ ಬಂದರೆ ಬಂತು. ನಾನು ಪುಕ್ಕಟೆ ಅಂದುಕೊಂಡಿದ್ದ ಪಾಠಕ್ಕೆ ಆ ಮನೆ ಇಷ್ಟು ದುಡ್ಡು ತೆರಬೇಕಿತ್ತು.

ಎರಡನೇ ವರ್ಷ ಡೈರಿ ಜಗಲಿಗೆ ಹೋದೆ. ಬೆಳಿಗ್ಗೆ ಹಾಲು ಹಾಕಲು ಹೇಗೂ ಮಕ್ಕಳು ಬರುತ್ತಾರೆ, ಅಲ್ಲೇ ಅರ್ಧ ಗಂಟೆ ಕೂರಿಸಿದೆ. ಇಬ್ಬರು ಆಯ್ಕೆಯಾದರು. ಖುಷಿಯಾಯಿತು. ಆಮೇಲೆ ನೋಡಿದರೆ ಇಬ್ಬರ ಮನೆಯಲ್ಲೂ ಹಸು ಇದೆ. ಹಸು ಇಲ್ಲದ ಮನೆಯ ಮಗು ಡೈರಿಗೆ ಯಾಕೆ ಬರುತ್ತೆ, ಅಲ್ವಾ?

ಮೂರನೇ ವರ್ಷ ಕೈಯಿಂದ ದಿನಕ್ಕೆ ಇಪ್ಪತ್ತು ರೂಪಾಯಿ ಕೊಟ್ಟು ನೋಡಿದೆ. ಒಂಬತ್ತು ಸಾವಿರದ ಹತ್ತಿರ ಹೋಯಿತು. ಒಬ್ಬ ತಾಯಿ ದುಡ್ಡು ವಾಪಸ್ ತಂದು, "ಓದೋಕೂ ಕೂಲಿ ಕೊಡ್ತೀರಾ ಸಾ" ಅಂತ ಕಣ್ಣೀರು ಹಾಕಿದರು. ಅವತ್ತೇ ನಿಲ್ಲಿಸಿದೆ.

ಆಮೇಲೆ ಹೂವಿನ ಬುಟ್ಟಿಗಳಿದ್ದ ಜಗಲಿಗೆ ನಾನೇ ಹೋಗಿ ಕೂತೆ. ಮಕ್ಕಳು ಕಟ್ಟುತ್ತಿರಲಿ, ನಾನು ಪ್ರಶ್ನೆ ಓದುತ್ತೇನೆ. ಇಲ್ಲಿ ಮನೆಯಲ್ಲಿ ತೆಲುಗು ಜಾಸ್ತಿ. 'ಅನುಕ್ರಮ' ಅಂದರೆ ಪಿಳಿಪಿಳಿ ನೋಡುತ್ತಾರೆ. ಒಂದು ಸಂಜೆ ಒಬ್ಬ ಹುಡುಗಿ ಎರಡು ಕಾಕಡ, ಒಂದು ಕನಕಾಂಬರ, ಮತ್ತೆ ಎರಡು ಕಾಕಡ, ಒಂದು ಮರುಗ, ಹೀಗೆ ಕಟ್ಟುತ್ತಿದ್ದಳು. "45ನೇದು ಯಾವುದಮ್ಮ?" ಅಂದೆ. ಕೈ ನಿಲ್ಲಿಸದೆ "ಕನಕಾಂಬರ" ಅಂದಳು. ಆರಾರರ ಹಾಗೆ ಏಳು ಸಲಕ್ಕೆ 42, ಆಮೇಲೆ ಮೂರನೆಯದು ಅಂತ ಅವಳೇ ಬಿಡಿಸಿ ಹೇಳಿದಳು. ಅಲ್ಲಿಂದ ಸರಣಿ ಲೆಕ್ಕವೆಲ್ಲ ಹೂವಿನಲ್ಲೇ. ಸಮಾಜ, ವಿಜ್ಞಾನ ಬಾಯಲ್ಲೇ. ಬರೆದೇ ಮಾಡಬೇಕಾದ ಗಣಿತ ಮಾತ್ರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ. ಯಾವ ಪ್ರಶ್ನೆ ಯಾವ ತಿಂಗಳು ಅನ್ನುವ ನನ್ನ ಪಟ್ಟಿ ಇಲ್ಲಿ ಕೊಡುವುದಿಲ್ಲ, ಬಂದು ಎರಡು ಸಂಜೆ ಕೂತರೆ ತೋರಿಸುತ್ತೇನೆ.

ಮಕ್ಕಳು ಹೂ ಕಟ್ಟುವುದು ಸರಿಯಾ ಅಂತ ಒಬ್ಬರು ಕೇಳಿದರು. ಸರಿ ಅಂತ ನಾನೂ ಹೇಳಲ್ಲ. ನಾನು ಬೇಡ ಅಂದರೆ ನಿಲ್ಲುವುದು ಪಾಠ, ಹೂ ನಿಲ್ಲಲ್ಲ.

ಕಾಗದಪತ್ರ ಜೂನ್‌ನಲ್ಲೇ ಮುಗಿಸಿ. ಆಯ್ಕೆಯಾದ ಒಬ್ಬ ಹುಡುಗಿಗೆ ಮೊದಲ ವರ್ಷದ ದುಡ್ಡು ಬರಲೇ ಇಲ್ಲ. ಆಧಾರ್‌ನಲ್ಲಿ ಒಂದು ಹೆಸರು, ದಾಖಲಾತಿಯಲ್ಲಿ ಇನ್ನೊಂದು. ತಿದ್ದಿಸುವಷ್ಟರಲ್ಲಿ ಅರ್ಜಿಯ ದಿನ ಮುಗಿದಿತ್ತು. ಆ ಸಂಕಟ ನನಗೆ ಇನ್ನೂ ಇದೆ. ನಾಡಕಚೇರಿಗೆ ಒಂದು ಸಲ ಹೋದರೆ ಅಮ್ಮಂದಿರ ಒಂದು ದಿನದ ಕೂಲಿ ಹೋಯಿತು. ಹಾಗಾಗಿ ಹತ್ತು ಜನರನ್ನು ಒಂದೇ ದಿನ ಕರೆದುಕೊಂಡು ಹೋಗುತ್ತೇನೆ, ಆಟೋ ಖರ್ಚು ನನ್ನದು. ಜೆರಾಕ್ಸ್ ಎಲ್ಲ ಸೇರಿ ವರ್ಷಕ್ಕೆ ಆರು ಸಾವಿರ ಆಗಬಹುದು.

ಪರೀಕ್ಷೆಗೆ ಸಂಬಂಧವಿಲ್ಲದ ಒಂದು ಕೆಲಸವನ್ನೂ ಬಿಟ್ಟಿಲ್ಲ. ಖಾತೆ ತೆರೆಯಲು ಹೋದಾಗ ಒಬ್ಬಳು ಬ್ಯಾಂಕಿನ ಗಾಜಿನ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದಳು. ಹೊರಗೆ ಬರುವವರೆಗೂ ಬರಿಗಾಲಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಎಂಟನೇ ತರಗತಿಗೆ ಅವಳೇ ಮೊದಲು. ಅವತ್ತಿಂದ ಪ್ರತಿ ಮಗುವನ್ನೂ ವರ್ಷಕ್ಕೆ ಮೂರು ಸಲ ಬ್ಯಾಂಕಿಗೆ ಕರೆದುಕೊಂಡು ಹೋಗುತ್ತೇನೆ. ಚಲನ್ ಅವರೇ ತುಂಬಬೇಕು, ಕೌಂಟರಿನಲ್ಲಿ ಅವರೇ ಮಾತಾಡಬೇಕು. ಆ ಹುಡುಗಿ ಈಗ ಚಿಂತಾಮಣಿಯಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಮೊನ್ನೆ ಅಮ್ಮನ ಖಾತೆಯ ತೊಂದರೆಯನ್ನು ಮ್ಯಾನೇಜರ್ ಹತ್ತಿರ ಅವಳೇ ಮಾತಾಡಿ ಸರಿಮಾಡಿಸಿದಳು.

ಗಂಡುಮಕ್ಕಳ ವಿಷಯ ಇನ್ನೂ ಬಗೆಹರಿದಿಲ್ಲ. ಈ ಸಲದ ಎಂಟರಲ್ಲಿ ಆರು ಹೆಣ್ಣುಮಕ್ಕಳೇ. ಹುಡುಗರು ಸಂಜೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗುತ್ತಾರೆ, ಅಲ್ಲಿ ಒಬ್ಬೊಬ್ಬರು ಒಂದೊಂದು ಸಾಲಿನಲ್ಲಿ, ಎಲ್ಲರಿಗೂ ಒಟ್ಟಿಗೆ ಪ್ರಶ್ನೆ ಓದಲು ಆಗಲ್ಲ. ಈ ಜೂನ್‌ನಲ್ಲಿ ನಾನೂ ತೋಟಕ್ಕೆ ಇಳಿದು ನೋಡಬೇಕು ಅಂತಿದ್ದೇನೆ. ನಿಮ್ಮಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ತಿಳಿಸಿ.